ಸಾಲ ಯಾವ ಕೆಲಸಕ್ಕೆ? ನಾಸಿಕ್, ಸಂಭಾಜಿನಗರ ಹೇಳುವ ಲೆಕ್ಕ

ಮುಂಬೈ–ನಾಗಪುರ ನಡುವಿನ 701 ಕಿ.ಮೀ. ಉದ್ದದ ಸಮೃದ್ಧಿ ಮಹಾಮಾರ್ಗ 2025ರ ಜೂನ್ 5ರಂದು ಪೂರ್ಣವಾಗಿ ಸಂಚಾರಕ್ಕೆ ತೆರೆದುಕೊಂಡಿತು. ನಾಸಿಕ್ ಜಿಲ್ಲೆಯ ಇಗತ್‌ಪುರಿಯಿಂದ ಮುಂಬೈ ಕಡೆಗೆ ಇಳಿಯುವ 76 ಕಿ.ಮೀ. ರಸ್ತೆಯೇ ಅದರ ಕೊನೆಯ ಕೊಂಡಿ. ಸುಮಾರು 55 ಸಾವಿರ ಕೋಟಿ ರೂಪಾಯಿಯ ಈ ಹೆದ್ದಾರಿಯ ವೆಚ್ಚದಲ್ಲಿ ಅರ್ಧದಷ್ಟು ಬ್ಯಾಂಕುಗಳು ಕೊಟ್ಟ ಸಾಲ. ಅದಕ್ಕೆ ಮೂರು ತಿಂಗಳ ಮೊದಲು ಅಂದಿನ ಹಣಕಾಸು ಸಚಿವ ಅಜಿತ್ ಪವಾರ್ ಮಂಡಿಸಿದ್ದ ಬಜೆಟ್ ಪ್ರಕಾರ, 2025–26ರ ಕೊನೆಗೆ ಮಹಾರಾಷ್ಟ್ರದ ಸಾಲ 9.32 ಲಕ್ಷ ಕೋಟಿ ರೂಪಾಯಿ ಮುಟ್ಟುವ ಅಂದಾಜಿತ್ತು. ದೇಶದ ಅತಿ ದೊಡ್ಡ ಆರ್ಥಿಕತೆಯುಳ್ಳ ರಾಜ್ಯ ಹೀಗೆ ಸಾಲದ ಬಲದಿಂದ ಎಷ್ಟು ದೂರ ಸಾಗಬಲ್ಲದು? ಜಗತ್ತಿನ ಮುಂಚೂಣಿ ಆರ್ಥಿಕತೆಗಳ ಸಾಲಿಗೆ ಬಂದು ನಿಂತಿರುವ ಭಾರತದ ಮುಂದಿರುವುದೂ ಇದೇ ಪ್ರಶ್ನೆ.

ಅರ್ಥಶಾಸ್ತ್ರದ ಸೂತ್ರ ಸರಳವಾಗಿದೆ. ಆರ್ಥಿಕತೆ ಬೆಳೆಯುವ ದರ ಬಡ್ಡಿದರಕ್ಕಿಂತ ಹೆಚ್ಚಿದ್ದರೆ ಹಳೆಯ ಸಾಲದ ಭಾರ ತಾನಾಗಿಯೇ ಹಗುರಾಗುತ್ತದೆ. 2025–26ರ ಅಂದಾಜಿನಂತೆ ಮಹಾರಾಷ್ಟ್ರದ ಸಾಲ ರಾಜ್ಯದ ಒಟ್ಟು ಉತ್ಪನ್ನದ ಶೇ 19ಕ್ಕಿಂತ ಕಡಿಮೆ. ಕರ್ನಾಟಕದ್ದು 2025–26ರ ಬಜೆಟ್ ಪ್ರಕಾರ ಶೇ 24.91. ಕೇಂದ್ರದ ಸಾಲ ಜಿಡಿಪಿಯ ಶೇ 56ರಷ್ಟಿದ್ದು, 2031ರ ಹೊತ್ತಿಗೆ ಅದನ್ನು ಶೇ 50ರ ಆಸುಪಾಸಿಗೆ ಇಳಿಸುವ ಗುರಿಯಿದೆ. 2025ರ ಆಗಸ್ಟ್‌ನಲ್ಲಿ ಎಸ್ ಅಂಡ್ ಪಿ ಸಂಸ್ಥೆ ಭಾರತದ ರೇಟಿಂಗ್ ಏರಿಸಿದ್ದೂ ಈ ನಂಬಿಕೆಯ ಮೇಲೆಯೇ.

ಶೇಕಡಾವಾರು ಲೆಕ್ಕ ಸಮಾಧಾನ ತರುತ್ತದೆ. ಆದರೆ ಸಾಲದ ಹಣ ಎಲ್ಲಿಗೆ ಹೋಯಿತು ಎಂಬುದನ್ನು ಅದು ತಿಳಿಸುವುದಿಲ್ಲ.

ಅದನ್ನು ತಿಳಿಸುವುದು ರಾಜಸ್ವ ಕೊರತೆ, ಅಂದರೆ ದೈನಂದಿನ ಖರ್ಚಿಗೆ ಆದಾಯ ಸಾಲದೆ ಬೀಳುವ ಅಂತರ. ಮಹಾರಾಷ್ಟ್ರದ 2025–26ರ ಅಂದಾಜಿನಲ್ಲಿ ವಿತ್ತೀಯ ಕೊರತೆ (ಆ ವರ್ಷದ ಒಟ್ಟು ಸಾಲದ ಅಗತ್ಯ) 1,36,235 ಕೋಟಿ, ಅದರೊಳಗೆ ರಾಜಸ್ವ ಕೊರತೆ 45,891 ಕೋಟಿ. ಅಂದರೆ ಆ ವರ್ಷ ಎತ್ತುವ ಪ್ರತಿ ಮೂರು ರೂಪಾಯಿ ಸಾಲದಲ್ಲಿ ಒಂದು ರೂಪಾಯಿ ಸಂಬಳ, ಪಿಂಚಣಿ, ಸಬ್ಸಿಡಿ, ಬಡ್ಡಿಯಂಥ ದೈನಂದಿನ ಖರ್ಚಿಗೇ ಮುಗಿಯುತ್ತದೆ. ಕರ್ನಾಟಕದಲ್ಲಿ ಈ ಪ್ರಮಾಣ ಸುಮಾರು ಐದರಲ್ಲಿ ಒಂದು. ಕೇಂದ್ರ ಸರ್ಕಾರದ ಅದೇ ವರ್ಷದ ಒಟ್ಟು ವೆಚ್ಚದಲ್ಲಿ ಬಡ್ಡಿಯೊಂದೇ ಕಾಲು ಭಾಗ: 12.76 ಲಕ್ಷ ಕೋಟಿ.

ಸಾಲ ಸರಿಯಾದ ಕಡೆ ಹೋದಾಗ ಏನಾಗುತ್ತದೆ ಎಂಬುದಕ್ಕೆ ಛತ್ರಪತಿ ಸಂಭಾಜಿನಗರದಲ್ಲಿ ಉದಾಹರಣೆಯಿದೆ. ಔರಂಗಾಬಾದ್ ಎಂಬ ಹೆಸರಿದ್ದಾಗಲೇ ಈ ಊರಿನ ವಾಳೂಜ್‌ನಲ್ಲಿ ಬಜಾಜ್ ಕಾರ್ಖಾನೆ ತಲೆಯೆತ್ತಿತ್ತು. ಈಗ ದೆಹಲಿ–ಮುಂಬೈ ಕೈಗಾರಿಕಾ ಕಾರಿಡಾರ್‌ನ ಭಾಗವಾಗಿ ಶೇಂದ್ರಾ–ಬಿಡಕೀನ್‌ನಲ್ಲಿ ‘ಆರಿಕ್’ ಕೈಗಾರಿಕಾ ನಗರ ಬೆಳೆಯುತ್ತಿದೆ. ಬಿಡಕೀನ್ ಒಂದರಲ್ಲೇ 7,855 ಎಕರೆ ಜಾಗ, 6,400 ಕೋಟಿ ರೂಪಾಯಿಗೂ ಮೀರಿದ ಯೋಜನೆ. ಬಿಡದಿಯಲ್ಲಿ ನೆಲೆಯೂರಿರುವ ಟೊಯೊಟಾ ಕಿರ್ಲೋಸ್ಕರ್ 2024ರ ಜುಲೈನಲ್ಲಿ ಸಂಭಾಜಿನಗರದ ಹೊಸ ಘಟಕಕ್ಕಾಗಿ ಮಹಾರಾಷ್ಟ್ರದೊಂದಿಗೆ ಒಪ್ಪಂದ ಮಾಡಿಕೊಂಡಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಏಥರ್ ಕೂಡ ತನ್ನ ಮುಂದಿನ ಸ್ಕೂಟರ್ ಕಾರ್ಖಾನೆಗೆ ಇದೇ ಊರನ್ನು ಆರಿಸಿಕೊಂಡಿತು. ಸಿದ್ಧವಾದ ಜಾಗ, ರಸ್ತೆ, ವಿದ್ಯುತ್, ನೀರು ಇದ್ದರೆ ಬಂಡವಾಳ ರಾಜ್ಯದ ಗಡಿ ದಾಟಿ ಬರುತ್ತದೆ ಎಂಬುದನ್ನು ಬೆಂಗಳೂರಿನ ಆಡಳಿತಗಾರರೂ ಗಮನಿಸಬೇಕು.

ಅದೇ ಊರಿನ ಮನೆಗಳ ನಲ್ಲಿ ಬೇರೆಯೇ ಕಥೆ ಹೇಳುತ್ತದೆ. ಮರಾಠವಾಡದ ಅತಿ ದೊಡ್ಡ ಜಲಾಶಯ ಜಾಯಕವಾಡಿ ಐವತ್ತು ಕಿ.ಮೀ. ಆಸುಪಾಸಿನಲ್ಲೇ ಇದ್ದರೂ ಅನೇಕ ಬಡಾವಣೆಗಳು ವಾರಕ್ಕೊಮ್ಮೆ ಬರುವ ನೀರಿಗಾಗಿ ವರ್ಷಗಟ್ಟಲೆ ಕಾದಿವೆ. 2020ರ ಡಿಸೆಂಬರ್‌ನಲ್ಲಿ 1,680 ಕೋಟಿ ರೂಪಾಯಿಯ ಹೊಸ ನೀರಿನ ಯೋಜನೆಗೆ ಶಂಕುಸ್ಥಾಪನೆ ಆಯಿತು. ಕೆಲಸ ಎಳೆದಂತೆ ಅಂದಾಜು 2,740 ಕೋಟಿಗೆ ಏರಿತು. ಹೈಕೋರ್ಟ್ ಪೀಠವೇ ಕಾಮಗಾರಿಯ ಮೇಲೆ ಕಣ್ಣಿಡಬೇಕಾಯಿತು. ತನ್ನ ಪಾಲಿನ 800 ಕೋಟಿಗೂ ಹೆಚ್ಚು ಹಣ ಹೊಂದಿಸಲು ಪಾಲಿಕೆ ಸಾಲದ ಮೊರೆ ಹೋಗಬೇಕಾಯಿತು. ಪೈಪು ನೆಲದೊಳಗೆ ಇಳಿಯುವುದು ತಡವಾದರೂ ಬಡ್ಡಿ ತಡವಾಗುವುದಿಲ್ಲ. ತೆರಿಗೆದಾರ ನೀರು ಕಾಣುವ ಮೊದಲೇ ನೀರಿನ ಸಾಲದ ಹೊರೆ ಹೊರುತ್ತಾನೆ.

ನಾಸಿಕ್ ಪಾಲಿಕೆಗೆ ಸಾಲ ಹೊಸದಲ್ಲ. ಬೆಂಗಳೂರು ಮಹಾನಗರ ಪಾಲಿಕೆ 1997ರಲ್ಲಿ ರಾಜ್ಯದ ಖಾತರಿಯೊಂದಿಗೆ 125 ಕೋಟಿ ರೂಪಾಯಿಯ ಬಾಂಡ್ ಹೊರಡಿಸಿ ದೇಶಕ್ಕೆ ದಾರಿ ತೋರಿಸಿತು. ಮರುವರ್ಷ ಅಹಮದಾಬಾದ್ ಖಾತರಿಯಿಲ್ಲದೆಯೇ ಹಣ ಎತ್ತಿತು. 1999ರಲ್ಲಿ ನಾಸಿಕ್ ನೀರು ಮತ್ತು ಒಳಚರಂಡಿಗಾಗಿ 100 ಕೋಟಿ ಸಂಗ್ರಹಿಸಿತು. 2027ರ ಕುಂಭಮೇಳ ಹತ್ತಿರವಾಗುತ್ತಿರುವಾಗ ಗೋದಾವರಿ ಶುದ್ಧೀಕರಣದ ಹೆಸರಿನಲ್ಲಿ ಅದು ಮತ್ತೆ ಬಾಂಡ್ ಮಾರುಕಟ್ಟೆಗೆ ಇಳಿದಿದೆ. ಬಾಂಡ್ ಕೊಂಡವರು ಪಾಲಿಕೆಯ ಲೆಕ್ಕಪತ್ರ, ಆಸ್ತಿ ತೆರಿಗೆ ವಸೂಲಿ ಎಲ್ಲವನ್ನೂ ನೋಡುತ್ತಾರೆ. ಈ ಶಿಸ್ತು ಸ್ವಾಗತಾರ್ಹ. ಆದರೆ ಪರ್ವಸ್ನಾನದ ಜನಜಂಗುಳಿ ಹನ್ನೆರಡು ವರ್ಷಕ್ಕೊಮ್ಮೆ, ಒಳಚರಂಡಿ ನದಿಗೆ ಸೇರುವುದು ದಿನನಿತ್ಯ. ಸಂಸ್ಕರಣಾ ಘಟಕಗಳು ಮೇಳ ಮುಗಿದ ಮೇಲೂ ನಡೆದರೆ ಮಾತ್ರ ಈ ಸಾಲ ನಗರದ ಆಸ್ತಿಯಾಗುತ್ತದೆ.

ನಗರದಾಚೆಗಿನ ಸಾಲದ ಸ್ವರೂಪ ಇನ್ನೂ ಕಠಿಣ. ನಾಸಿಕ್ ಜಿಲ್ಲೆಯ ಲಾಸಲಗಾಂವ್ ದೇಶದ ಈರುಳ್ಳಿ ದರ ನಿರ್ಧರಿಸುವ ಮಾರುಕಟ್ಟೆ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಈರುಳ್ಳಿ ರಫ್ತು ನಿಷೇಧಿಸಿತು. ಮರುವರ್ಷ ಮೇ ತಿಂಗಳಲ್ಲಿ ನಿಷೇಧ ತೆಗೆದು ಶೇ 40 ಸುಂಕ ಹಾಕಿತು. ಸುಂಕ ಪೂರ್ಣ ಹೋದದ್ದು 2025ರ ಏಪ್ರಿಲ್‌ನಲ್ಲಿ. ನಗರದ ಗ್ರಾಹಕರ ಹಿತಕ್ಕಾಗಿ ಬೆಳೆಗಾರನ ಆದಾಯ ಕತ್ತರಿಸಿದರೆ ಅವನ ಬೆಳೆಸಾಲ ಬಾಕಿ ಉಳಿಯುತ್ತದೆ. ಬಾಕಿ ಬೆಳೆದಂತೆ ಸಾಲಮನ್ನಾ ಬೇಡಿಕೆ ಏಳುತ್ತದೆ. 2018ರ ಮಾರ್ಚ್‌ನಲ್ಲಿ ನಾಸಿಕ್‌ನಿಂದ ಮುಂಬೈಗೆ ಸಾವಿರಾರು ರೈತರು ನಡೆದು ಹೋದಾಗಲೂ ಸಾಲಮನ್ನಾ ಅವರ ಮುಖ್ಯ ಬೇಡಿಕೆಗಳಲ್ಲೊಂದಾಗಿತ್ತು. 2017ರಲ್ಲಿ ಒಮ್ಮೆ, 2019ರಲ್ಲಿ ಇನ್ನೊಮ್ಮೆ ಮಹಾರಾಷ್ಟ್ರ ಸಾಲಮನ್ನಾ ಘೋಷಿಸಿತು. ಹೀಗೆ ರೈತನ ಸಾಲ ರಾಜ್ಯದ ಸಾಲವಾಗಿ ಬದಲಾಯಿತು. ಅವನ ಆದಾಯ ಮಾತ್ರ ಸ್ಥಿರವಾಗಲಿಲ್ಲ.

ಸಾಲ ಯಾವ ಕೆಲಸಕ್ಕೆ ಎಂಬ ಮಾನದಂಡ ಮಹಾರಾಷ್ಟ್ರದ ಲಾಡ್ಕಿ ಬಹಿನ್ ಯೋಜನೆಗೂ ಅನ್ವಯಿಸಬೇಕು. ಬಡ ಮಹಿಳೆಯ ಕೈಗೆ ತಿಂಗಳಿಗೆ 1,500 ರೂಪಾಯಿ ಸೇರುವುದು ಅವಳ ಬದುಕಿಗೆ ನಿಜವಾದ ಆಸರೆ. ಗೃಹಲಕ್ಷ್ಮಿಯನ್ನು ಕಂಡಿರುವ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ಇಂಥ ನೆರವು ನಿಲ್ಲಬಾರದು. 2025–26ರ ಬಜೆಟ್‌ನಲ್ಲಿ 36 ಸಾವಿರ ಕೋಟಿ ಪಡೆದಿದ್ದ ಈ ಯೋಜನೆಯ ಖರ್ಚನ್ನು ತೆರಿಗೆ ಆದಾಯದಿಂದ ಭರಿಸುವ ಧೈರ್ಯ ಸರ್ಕಾರಕ್ಕೆ ಬೇಕು. ಸಾಲ ತಂದು ಕೊಟ್ಟರೆ ಅವಳ ಮಕ್ಕಳೇ ಅದನ್ನು ತೀರಿಸಬೇಕಾಗುತ್ತದೆ.

ಶ್ರೀಲಂಕಾ 2019ರ ಕೊನೆಯಲ್ಲಿ ತೆರಿಗೆ ಇಳಿಸಿ, 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲ ತೀರಿಸಲಾಗದೆ ಕೈಚೆಲ್ಲಿತು. ಭಾರತದ ಸಾಲದ ಬಹುಪಾಲು ರೂಪಾಯಿಯಲ್ಲಿ, ದೇಶದೊಳಗೇ ಇರುವುದರಿಂದ ಆ ಭಯ ಇಲ್ಲಿಗೆ ದೂರ. ಹತ್ತಿರದ ಎಚ್ಚರಿಕೆ ಚೀನಾದ್ದು. ಅಲ್ಲಿನ ಸ್ಥಳೀಯ ಸರ್ಕಾರಗಳು ತಮ್ಮದೇ ಕಂಪನಿಗಳ ಹೆಸರಿನಲ್ಲಿ ಸಾಲ ಎತ್ತಿ, ಜಮೀನು ಮಾರಾಟದ ಆದಾಯ ನಂಬಿದ್ದವು. ರಿಯಲ್ ಎಸ್ಟೇಟ್ ಕುಸಿದ ಮೇಲೆ, 2024ರ ನವೆಂಬರ್‌ನಲ್ಲಿ ಆ ಮುಚ್ಚಿಟ್ಟ ಸಾಲ ನಿಭಾಯಿಸಲು ಬೀಜಿಂಗ್ 10 ಲಕ್ಷ ಕೋಟಿ ಯುವಾನ್ ಯೋಜನೆ ಪ್ರಕಟಿಸಬೇಕಾಯಿತು. ನಮ್ಮ ನಿಗಮಗಳು, ಪ್ರಾಧಿಕಾರಗಳು ಬಜೆಟ್‌ನ ಹೊರಗೆ ಎತ್ತುವ ಸಾಲಕ್ಕೂ ಕೊನೆಗೆ ಹೊಣೆ ರಾಜ್ಯವೇ.

ಸಾಲದಿಂದ ಬೆಳೆಯುವ ಶಕ್ತಿ ಭಾರತಕ್ಕೂ ಮಹಾರಾಷ್ಟ್ರಕ್ಕೂ ಇದೆ, ಷರತ್ತುಗಳೊಂದಿಗೆ. ರಾಜಸ್ವ ಕೊರತೆಯನ್ನು ಶೂನ್ಯಕ್ಕೆ ಇಳಿಸುವ ಕಾಲಮಿತಿಯನ್ನು ರಾಜ್ಯಗಳು ಘೋಷಿಸಬೇಕು. ನಿಗಮಗಳ ಸಾಲ ಮತ್ತು ಖಾತರಿಗಳ ಪೂರ್ಣ ಲೆಕ್ಕ, ಪ್ರತಿ ದೊಡ್ಡ ಕಾಮಗಾರಿಯ ವಿಳಂಬ ತಂದಿಟ್ಟ ಹೆಚ್ಚುವರಿ ವೆಚ್ಚ ಪ್ರತಿ ವರ್ಷ ಸದನದ ಮುಂದೆ ಬರಬೇಕು. ಬೆಂಗಳೂರಿನಲ್ಲಿ ಸುರಂಗ ರಸ್ತೆಗೂ ಮೆಟ್ರೊಗೂ ಸಾವಿರಾರು ಕೋಟಿ ಸಾಲದ ಮಾತು ನಡೆಯುತ್ತಿರುವ ಈ ಹೊತ್ತಿನಲ್ಲಿ, ಆ ಲೆಕ್ಕವನ್ನು ಕರ್ನಾಟಕದ ಶಾಸಕರೂ ಕೇಳಿ ಪಡೆಯಬೇಕು.