ವರದಕ್ಷಿಣೆಯ ದುಡ್ಡಿನಲ್ಲಿ ಹುಟ್ಟಿದ ಕಾರು

ನಮ್ಮ ಕಡೆ ಈಗ ಮದುವೆ ಮಾತುಕತೆಯಲ್ಲಿ ವರದಕ್ಷಿಣೆ ಎಂಬ ಶಬ್ದವನ್ನು ಯಾರೂ ಬಾಯಲ್ಲಿ ಆಡುವುದಿಲ್ಲ. ಅಷ್ಟು ನಾಗರಿಕರಾಗಿದ್ದೇವೆ. "ನಮಗೇನೂ ಬೇಡಪ್ಪ, ದೇವರು ಕೊಟ್ಟಿದ್ದಾನೆ" ಎಂದು ಹುಡುಗನ ಕಡೆಯವರು ಎಲೆಯಡಿಕೆ ತಟ್ಟೆಯ ಮುಂದೆ ಹೇಳುತ್ತಾರೆ. ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಯಾರೋ ಒಬ್ಬ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, "ಹುಡುಗ ಇರೋದು ಬೆಂಗಳೂರಲ್ಲಿ, ನಿಮ್ಮ ಮಗಳನ್ನ ಬಸ್ಸಲ್ಲಿ ಓಡಾಡಿಸೋಕಾಗುತ್ತಾ?" ಎನ್ನುತ್ತಾನೆ. ಅಲ್ಲಿಗೆ ಕಾರು ಬಂತು. ಕಾರು ಯಾವುದು ಎಂಬುದು ಮುಂದಿನ ಮಾತು. ಹೊಳಲೂರಿನ ಸುತ್ತಮುತ್ತ ಅಡಿಕೆಗೆ ಒಳ್ಳೆಯ ರೇಟು ಬಂದ ವರ್ಷಗಳಲ್ಲಿ ಈ ಮುಂದಿನ ಮಾತು ಎಲ್ಲೆಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಕಿವಿಯಾರೆ ಕೇಳಿದ್ದೇನೆ. ಅದು ಹೋಗಿ ನಿಲ್ಲುವ ಕಟ್ಟಕಡೆಯ ನಿಲ್ದಾಣದ ಹೆಸರು ಬೆಂಜ್.

ಹೊಸದೇ ಆಗಬೇಕೆಂದಿಲ್ಲ. ಬೆಂಗಳೂರಿನಲ್ಲಿ ಯಾರೋ ಐದಾರು ವರ್ಷ ಓಡಿಸಿ ಬಿಟ್ಟದ್ದಾದರೂ ಪರವಾಗಿಲ್ಲ, ಮೂತಿಯ ಮೇಲೆ ಆ ಮೂರು ಮೂಲೆಯ ನಕ್ಷತ್ರ ಇದ್ದರಾಯಿತು. ಆ ನಕ್ಷತ್ರ ಹೊನ್ನಾಳಿ ರಸ್ತೆಯಲ್ಲಿ ಒಮ್ಮೆ ಹಾದುಹೋದರೆ ಅಂಗಡಿ ಕಟ್ಟೆಯ ಮೇಲಿದ್ದವರೆಲ್ಲ ಕತ್ತು ತಿರುಗಿಸುತ್ತಾರೆ. "ಯಾರ ಅಳಿಯನೋ?" ಎಂದು ಕೇಳುತ್ತಾರೆ. ಯಾರ ಮಗಳೋ ಎಂದು ಕೇಳಿದವರನ್ನು ನಾನಿನ್ನೂ ಕಂಡಿಲ್ಲ.

ಗಂಡಸಿನ ಗತ್ತಿಗೆ ಬೆಂಜ್ ಕಾರನ್ನು ಸಾಕ್ಷಿಗೆ ನಿಲ್ಲಿಸುವವರ ಮೇಲೆ ನನಗೆ ಸಿಟ್ಟಿದೆ. ಕಾರಿನ ಮೇಲೆ ಇಲ್ಲ. ಆ ಕಾರಿನ ಚರಿತ್ರೆಯನ್ನು ಒಂದು ಸಲ ಓದಿದ್ದರೂ ಅವರು ಅದನ್ನು ಸಾಕ್ಷಿಗೆ ಕರೆಯುತ್ತಿರಲಿಲ್ಲ. ಆ ಸಾಕ್ಷಿ ಅವರ ವಿರುದ್ಧವೇ ಹೇಳುತ್ತದೆ.

ಜರ್ಮನಿಯ ಫೋರ್ಟ್ಸ್‌ಹೈಮ್ ಎಂಬ ಊರಿನಲ್ಲಿ 1849ರಲ್ಲಿ ಬೆರ್ತಾ ಎಂಬ ಹುಡುಗಿ ಹುಟ್ಟಿದಳು. ಮನೆಯ ಬೈಬಲ್ಲಿನಲ್ಲಿ ಅವಳ ಜನನವನ್ನು ಬರೆದಿಡುವಾಗ ಅಪ್ಪ 'ದುರದೃಷ್ಟಕ್ಕೆ ಮತ್ತೂ ಹೆಣ್ಣೇ' ಎಂಬರ್ಥದ ಮಾತು ಸೇರಿಸಿದನೆಂದು ಹೇಳುತ್ತಾರೆ. ಮೆಗ್ಗಾನ್ ಆಸ್ಪತ್ರೆಯ ಹೆರಿಗೆ ವಾರ್ಡಿನ ಹೊರಗೆ ನಿಂತ ಅತ್ತೆಯರಿಗೂ ಆ ಸಾಹುಕಾರನಿಗೂ ಏನಾದರೂ ನೆಂಟಸ್ತಿಕೆ ಇತ್ತೋ ಏನೋ! ಬೆರ್ತಾ ಬೆಳೆದು ಕಾರ್ಲ್ ಬೆಂಜ್ ಎಂಬ ಎಂಜಿನಿಯರನನ್ನು ಮೆಚ್ಚಿದಳು. ಕೈಯಲ್ಲಿ ಕಾಸಿಲ್ಲದ, ತಲೆಯಲ್ಲಿ ಯಂತ್ರಗಳೇ ತುಂಬಿದ್ದ ಮನುಷ್ಯ. 1871ರಲ್ಲಿ ಅವನು ಪಾಲುದಾರನೊಬ್ಬನ ಜೊತೆ ಸೇರಿ ಮಾನ್‌ಹೈಮ್‌ನಲ್ಲಿ ಕಾರ್ಖಾನೆ ತೆರೆದ. ಆ ಪಾಲುದಾರ ನೆಚ್ಚಿಕೆಗೆ ತಕ್ಕವನಾಗಲಿಲ್ಲ. ಕಾರ್ಖಾನೆ ಮುಳುಗುವ ಹೊತ್ತಿಗೆ ಬೆರ್ತಾ ಮದುವೆಗೆ ಮೊದಲೇ ತನ್ನ ವರದಕ್ಷಿಣೆಯ ಹಣವನ್ನು ಅಪ್ಪನಿಂದ ಈಸಿಕೊಂಡು ಪಾಲುದಾರನ ಪಾಲನ್ನು ಕೊಂಡುಬಿಟ್ಟಳು. ಮದುವೆಯಾದದ್ದು ಮರುವರ್ಷ, 1872ರಲ್ಲಿ. ಅಂದರೆ ಬೆಂಜ್ ಎಂಬ ಹೆಸರು ಉಳಿದುಕೊಂಡದ್ದೇ ಹೆಣ್ಣಿನ ದುಡ್ಡಿನಿಂದ. ಆದರೆ ಒಂದು ವ್ಯತ್ಯಾಸವಿದೆ, ಗಮನಿಸಿ. ನಮ್ಮಲ್ಲಿ ವರದಕ್ಷಿಣೆ ಕಾರಾಗುತ್ತದೆ, ಅಂಗಳದಲ್ಲಿ ನಿಂತು ಬಣ್ಣಗೆಡುತ್ತದೆ. ಬೆರ್ತಾಳ ವರದಕ್ಷಿಣೆ ಕಾರ್ಖಾನೆಯಾಯಿತು. ಎಲ್ಲಿ ಹೂಡಬೇಕೆಂದು ತೀರ್ಮಾನಿಸಿದವಳೂ ಅವಳೇ.

1886ರ ಜನವರಿ 29ರಂದು ಕಾರ್ಲ್ ಬೆಂಜ್ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟು ಅರ್ಜಿ ಹಾಕಿದ. ಸಂಖ್ಯೆ 37435. ಪೇಟೆಂಟು ಗಂಡನ ಹೆಸರಿನಲ್ಲಿ. ಗಾಡಿ ಸಿದ್ಧವಾಯಿತು, ಕೊಳ್ಳುವವರಿಲ್ಲ. ಕುದುರೆಯಿಲ್ಲದೆ ಗಾಡಿ ಓಡುತ್ತದೆಂದರೆ ಜನ ನಗುತ್ತಿದ್ದರು. ಕಾರ್ಲ್ ಹಿಂಜರಿಕೆಯ ಮನುಷ್ಯ, ಇನ್ನೂ ಸರಿಮಾಡುತ್ತೇನೆ, ಇನ್ನೂ ಸರಿಮಾಡುತ್ತೇನೆ ಎಂದು ಕಾರ್ಖಾನೆಯೊಳಗೇ ಕುಳಿತ. 1888ರ ಆಗಸ್ಟಿನ ಒಂದು ಬೆಳಗಿನ ಜಾವ ಬೆರ್ತಾ ಗಂಡನಿಗೆ ಹೇಳದೆ, ಹದಿನೈದು ಮತ್ತು ಹದಿಮೂರು ವರ್ಷದ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ತವರಿಗೆ ಹೊರಟಳು. ಸುಮಾರು 105 ಕಿಲೋಮೀಟರು. ಹೆಚ್ಚುಕಡಿಮೆ ಶಿವಮೊಗ್ಗದಿಂದ ಚಿತ್ರದುರ್ಗಕ್ಕೆ ಹೋದ ಹಾಗೆ. ಮೋಟಾರು ಗಾಡಿಯಲ್ಲಿ ಅಷ್ಟು ದೂರ ಅದಕ್ಕೆ ಮೊದಲು ಪ್ರಪಂಚದಲ್ಲಿ ಯಾವ ಗಂಡಸೂ ಹೋಗಿರಲಿಲ್ಲ.

ದಾರಿಯಲ್ಲಿ ಪೆಟ್ರೋಲ್ ಬಂಕು ಎಲ್ಲಿಂದ ಬರಬೇಕು? ವೀಸ್‌ಲೋಖ್ ಎಂಬ ಊರಿನ ಔಷಧಿ ಅಂಗಡಿಗೆ ಹೋಗಿ, ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಎಂಬ ದ್ರಾವಣ ಕೊಂಡು ಟ್ಯಾಂಕಿಗೆ ಸುರಿದಳು. ಇಂಧನದ ನಳಿಗೆ ಕಟ್ಟಿಕೊಂಡಾಗ ಹ್ಯಾಟಿನ ಪಿನ್ನು ಕಿತ್ತು ಚುಚ್ಚಿ ಬಿಡಿಸಿದಳು. ಕಿಡಿ ಹಾರಿಸುವ ತಂತಿ ಸವೆದಾಗ ಕಾಲುಚೀಲದ ಪಟ್ಟಿ ಬಿಚ್ಚಿ ಸುತ್ತಿದಳು. ಮರದ ಬ್ರೇಕು ಸವೆದಾಗ ಚಮ್ಮಾರನ ಬಳಿ ಅದಕ್ಕೆ ಚರ್ಮ ಹೊಡೆಸಿದಳು. ಈಗ ನಾವೆಲ್ಲ ಬ್ರೇಕ್ ಲೈನಿಂಗ್ ಎಂದು ಗ್ಯಾರೇಜಿನಲ್ಲಿ ದುಡ್ಡು ಕೊಟ್ಟು ಹಾಕಿಸುವುದರ ಮೊದಲ ರೂಪ ಅದೇ. ಏರಿನಲ್ಲಿ ಗಾಡಿ ಉಸಿರು ಬಿಟ್ಟಾಗ ತಳ್ಳಬೇಕಾಯಿತು. ಊರು ಮುಟ್ಟಿ ಗಂಡನಿಗೆ ತಂತಿ ಕಳಿಸಿದಳು. ವಾಪಸು ಬಂದ ಮೇಲೆ, ಏರು ಹತ್ತಲು ಇನ್ನೊಂದು ಗೇರು ಬೇಕು ಎಂದು ಹೇಳಿದವಳೂ ಅವಳೇ. ಸಾರಿಗೆ ಉಪ್ಪು ಸಾಲದು ಎಂದ ಹಾಗೆ.

ಅಡುಗೆಮನೆಯ ಜಾಣತನ ಎಂದು ಯಾರಾದರೂ ಇದನ್ನು ತಮಾಷೆ ಮಾಡಬಹುದು. ಮಾಡಲಿ. ಮಿಕ್ಸಿಯ ವಾಷರು ಹೋದಾಗ ಸೈಕಲ್ ಟ್ಯೂಬು ಕತ್ತರಿಸಿ ಹಾಕುವ, ಕುಕ್ಕರಿನ ನಳಿಗೆಯನ್ನು ಸೂಜಿಯಿಂದ ಬಿಡಿಸುವ ನಮ್ಮ ಕೈಗಳಿಗೆ ಯಂತ್ರ ಗೊತ್ತಿಲ್ಲ ಎನ್ನುವುದನ್ನು ನಾನಂತೂ ಒಪ್ಪುವುದಿಲ್ಲ.

ಅಮೆರಿಕದಲ್ಲಿ ಮೋಟಾರು ಉದ್ಯಮದ ಮಹನೀಯರ ಹೆಸರು ಬರೆದಿಡುವ ಕೀರ್ತಿಮಂದಿರವೊಂದಿದೆ. ಅಲ್ಲಿ ಕಾರ್ಲ್ ಬೆಂಜ್ ಹೆಸರು ಸೇರಿದ್ದು 1984ರಲ್ಲಿ. ಬೆರ್ತಾಳ ಹೆಸರು ಸೇರಿದ್ದು 2016ರಲ್ಲಿ. ನಡುವೆ 32 ವರ್ಷ. ಒಂದು ಹೆಣ್ಣುಮಗು ಹುಟ್ಟಿ, ಓದಿ, ಮದುವೆಯಾಗಿ, ಮಕ್ಕಳನ್ನು ಹೆರುವಷ್ಟು ಕಾಲ.

ಇನ್ನು ಮರ್ಸಿಡಿಸ್. ಅದು ಎಂಜಿನ್ನಿನ ಹೆಸರೋ ಊರಿನ ಹೆಸರೋ ಅಲ್ಲ, ಹುಡುಗಿಯ ಹೆಸರು. ಎಮಿಲ್ ಯೆಲಿನೆಕ್ ಎಂಬ ಆಸ್ಟ್ರಿಯಾದ ಶ್ರೀಮಂತ ವರ್ತಕ ಫ್ರಾನ್ಸಿನ ನೀಸ್ ಪಟ್ಟಣದಲ್ಲಿದ್ದುಕೊಂಡು ಡೈಮ್ಲರ್ ಕಂಪನಿಯ ಕಾರುಗಳನ್ನು ಮಾರುತ್ತಿದ್ದ. 1900ರಲ್ಲಿ ಒಟ್ಟಿಗೆ 36 ಕಾರು ಬೇಕೆಂದ, ಆದರೆ ಅವಕ್ಕೆ ತನ್ನ ಮಗಳ ಹೆಸರಿಡಬೇಕೆಂದ. ಮಗಳಿಗೆ ಆಗ ಹತ್ತೋ ಹನ್ನೊಂದೋ ವರ್ಷ. 1901ರ ವಸಂತದಲ್ಲಿ ನೀಸ್‌ನ ಪಂದ್ಯಗಳಲ್ಲಿ ಆ ಕಾರು ಎಲ್ಲರನ್ನೂ ಹಿಂದೆ ಹಾಕಿತು, 1902ರಲ್ಲಿ ಹೆಸರು ನೋಂದಣಿಯಾಯಿತು. ಅಪ್ಪ 1903ರಲ್ಲಿ ತನ್ನ ಹೆಸರಿಗೇ ಮಗಳ ಹೆಸರು ಜೋಡಿಸಿಕೊಂಡ. ಮಗಳ ಹೆಸರಿನಿಂದ ಅಪ್ಪ ಗುರುತಾಗುವುದು ಲಕ್ಷಕ್ಕೊಂದು, ಅದನ್ನು ಮೆಚ್ಚುತ್ತೇನೆ. ಆದರೆ ಆ ಮಗಳ ಕಥೆ ಕೇಳಿ. ಎರಡು ಮದುವೆ, ಮಹಾಯುದ್ಧದ ನಂತರ ಬಡತನ. 1929ರಲ್ಲಿ ವಿಯೆನ್ನಾದಲ್ಲಿ ತೀರಿಕೊಂಡಾಗ ಅವಳಿಗೆ ನಲವತ್ತು ತುಂಬಿರಲಿಲ್ಲ. ಅವಳ ಹೆಸರು ಹೊತ್ತ ಕಾರುಗಳು ಆಗಲೇ ದೊರೆಗಳ ಮನೆ ಬಾಗಿಲಲ್ಲಿದ್ದವು. ಹೆಣ್ಣಿನ ಹೆಸರನ್ನು ಮೆರೆಸುವುದು ಬೇರೆ, ಹೆಣ್ಣನ್ನು ನೋಡಿಕೊಳ್ಳುವುದು ಬೇರೆ. ತುಂಗಾ, ಭದ್ರಾ, ಶರಾವತಿ ಎಂದು ಹೊಳೆಗಳಿಗೆಲ್ಲ ಹೆಣ್ಣಿನ ಹೆಸರಿಟ್ಟ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕೆ?

1926ರಲ್ಲಿ ಡೈಮ್ಲರ್, ಬೆಂಜ್ ಎರಡೂ ಕಂಪನಿಗಳು ಒಂದಾದವು. ಆ ನಕ್ಷತ್ರ ಕೂಡ ಗಾಟ್‌ಲೀಬ್ ಡೈಮ್ಲರ್ ತನ್ನ ಹೆಂಡತಿಗೆ ಕಳಿಸಿದ ಚಿತ್ರದ ಕಾರ್ಡಿನಲ್ಲಿ 'ನಾನಿರುವ ಮನೆ ಇದು' ಎಂದು ತೋರಿಸಲು ಹಾಕಿದ ಗುರುತಂತೆ. ಅವನ ಮಕ್ಕಳು ಅದನ್ನು ನೆನಪಿಟ್ಟು 1909ರಲ್ಲಿ ಕಂಪನಿಯ ಲಾಂಛನ ಮಾಡಿಸಿದರು. ದುಡ್ಡು ಹೆಂಡತಿಯದು, ಹೆಸರು ಮಗಳದು, ನಕ್ಷತ್ರ ಹೆಂಡತಿಗೆ ಬರೆದ ಕಾಗದದ್ದು. ಗಂಡಸಿನ ಗತ್ತಿಗೆ ಇದರಲ್ಲಿ ಉಳಿದದ್ದೇನು, ಹಾರ್ನೇ?

ಅದರ ಆಕರ್ಷಣೆ ಬರೀ ಪೊಳ್ಳು ಎಂದು ಹೇಳಿದರೆ ಅನ್ಯಾಯವಾದೀತು. ನಮ್ಮ ಮಲೆನಾಡಿಗೆ ಬೆಂಜ್ ಮೊದಲು ಪರಿಚಯವಾದದ್ದು ಲಾರಿಯಾಗಿ. 1954ರಲ್ಲಿ ಟಾಟಾದವರು ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಲಾರಿ ತಯಾರಿಸಿದರು. 1969ರವರೆಗೆ ಆ ನಂಟು ಇತ್ತು. ನಾಟ, ಅದಿರು ಹೇರಿಕೊಂಡು ಭದ್ರಾವತಿಯ ಕಡೆಗೆ ಹೋಗುವ ಲಾರಿಗಳನ್ನು ನನ್ನ ಅಜ್ಜಿ "ಬೆಂಜು" ಎಂದೇ ಕರೆಯುತ್ತಿದ್ದಳು. ಅವಳ ಮಟ್ಟಿಗೆ ಬೆಂಜ್ ಎಂದರೆ ಕೆಸರಿನಲ್ಲಿ ಹೂತರೂ ಎದ್ದು ಬರುವ ಗಾಡಿ. ಗ್ರೀಸ್ ದೇಶದ ಟ್ಯಾಕ್ಸಿಯವನೊಬ್ಬ ತನ್ನ ಡೀಸೆಲ್ ಬೆಂಜನ್ನು 46 ಲಕ್ಷ ಕಿಲೋಮೀಟರ್ ಓಡಿಸಿ 2004ರಲ್ಲಿ ಕಂಪನಿಯ ವಸ್ತುಸಂಗ್ರಹಾಲಯಕ್ಕೆ ಕೊಟ್ಟ. ಡಿಕ್ಕಿಯಾದರೆ ಮುಂಭಾಗ ತಾನು ಮುದುಡಿ ಒಳಗಿದ್ದವರನ್ನು ಉಳಿಸುವ ಮೈಕಟ್ಟನ್ನು 1959ರಲ್ಲೇ ಮಾರುಕಟ್ಟೆಗೆ ತಂದವರು ಅವರು. ಚಕ್ರ ಜಾರದಂತೆ ತಡೆಯುವ ಎಬಿಎಸ್ ಬ್ರೇಕನ್ನು 1978ರಲ್ಲಿ ತಂದರು. 1996ರಲ್ಲಿ ಬೆಂಗಳೂರಿನಲ್ಲಿ ತೆರೆದ ಅವರ ಸಂಶೋಧನಾ ಕೇಂದ್ರದಲ್ಲಿ ನಮ್ಮ ಹುಡುಗಿಯರೂ ಎಂಜಿನಿಯರುಗಳಾಗಿ ಕೂತಿದ್ದಾರೆ. ಕೆಲಸಕ್ಕೆ ಗೌರವ ಕೊಡೋಣ. ಅದೇ ಕಂಪನಿ ಹಿಟ್ಲರನಿಗೆ ಕಾರು ಕೊಟ್ಟದ್ದು, 1944ರಲ್ಲಿ ಅದರ ಕೆಲಸಗಾರರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಬಲವಂತದ ದುಡಿಮೆಯವರು, ಯುದ್ಧ ಕೈದಿಗಳು, ಸೆರೆಶಿಬಿರದವರು ಆಗಿದ್ದದ್ದು ಕೂಡ ಚರಿತ್ರೆಯೇ. ಜಾಹೀರಾತಿನಲ್ಲಿ ಬರುವುದಿಲ್ಲ ಅಷ್ಟೆ.

ಜಾಹೀರಾತೆಂದಾಗ ಇನ್ನೊಂದು ನೆನಪಾಯಿತು. ಕಬ್ಬಿಣ ಉಕ್ಕು ಕಾಯಿಸುವ ಭದ್ರಾವತಿ ಕಾರ್ಖಾನೆಯನ್ನು ನಿಲ್ಲಿಸಿದ ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ನಮ್ಮ ದೇಶದಲ್ಲೇ ಮೋಟಾರು ಕಾರ್ಖಾನೆಯೊಂದನ್ನು ಕಟ್ಟಬೇಕೆಂದು ಯೋಜನೆ ಹಾಕಿ, ಮುದಿವಯಸ್ಸಿನಲ್ಲಿ ಯುರೋಪು ಅಮೆರಿಕ ಸುತ್ತಿ ಬಂದಿದ್ದರು. ಬ್ರಿಟಿಷರ ಬೆಂಬಲವಿಲ್ಲದೆ ಅದು ಇಲ್ಲಿ ತಲೆಯೆತ್ತಲಿಲ್ಲ. ತಯಾರಿಸುವ ಕನಸು ಕಂಡ ನಾಡು ಬೇಡಿ ಪಡೆಯುವ ನಾಡಾಗಬೇಕೆ ಎಂದು ನನಗೆ ಸಂಕಟವಾಗುತ್ತದೆ.

"ಕೇಳಿ ಪಡೆದದ್ದಲ್ಲ, ಉಡುಗೊರೆ" ಎಂಬ ವಾದವೊಂದಿದೆ. ಅದನ್ನೂ ನೋಡೋಣ. ವರದಕ್ಷಿಣೆ ನಿಷೇಧ ಕಾಯಿದೆ 1961ರದು. ಕೊಡುವುದೂ ತೆಗೆದುಕೊಳ್ಳುವುದೂ ಎರಡೂ ಅಪರಾಧ. ಸಾಮಾನ್ಯವಾಗಿ ಐದು ವರ್ಷಕ್ಕೆ ಕಡಿಮೆಯಿಲ್ಲದ ಸೆರೆ. ಉಡುಗೊರೆಗೆ ವಿನಾಯಿತಿ ಇದೆ, ನಿಜ. ಆದರೆ ಯಾರೂ ಕೇಳಿರಬಾರದು, 1985ರ ನಿಯಮದ ಪ್ರಕಾರ ಪಟ್ಟಿ ಬರೆದಿಟ್ಟಿರಬೇಕು. ಹೆಣ್ಣಿನ ಕಡೆಯವರು ಕೊಟ್ಟದ್ದು ವಾಡಿಕೆಯದ್ದಾಗಿರಬೇಕು, ಕೊಡುವವರ ಶಕ್ತಿಗೆ ಮೀರಿರಬಾರದು. ತೋಟದ ಮೇಲೆ ಸಾಲವೆತ್ತಿ ಕೊಡಿಸಿದ ಬೆಂಜ್ ಯಾವ ಸೀಮೆಯ ವಾಡಿಕೆ? ಇನ್ನೊಂದು ಕಲಮು ನಮ್ಮ ಹೆಂಗಸರಿಗೆ ಬಹಳ ಮಂದಿಗೆ ಗೊತ್ತಿಲ್ಲ, ಆರನೆಯದು. ವರದಕ್ಷಿಣೆಯನ್ನು ಬೇರೆ ಯಾರೇ ಪಡೆದಿರಲಿ, ಮೂರು ತಿಂಗಳೊಳಗೆ ಆ ಹೆಣ್ಣಿಗೆ ಒಪ್ಪಿಸಬೇಕು, ಅಲ್ಲಿಯವರೆಗೂ ಅವಳ ಹಿತಕ್ಕಾಗಿ ಇಟ್ಟುಕೊಂಡಿರಬೇಕು. ಅಂಗಳದ ಆ ಕಾರು ಕಾನೂನಿನ ಕಣ್ಣಿಗೆ ಯಾರದು ಎಂದು ಅಳಿಯಂದಿರೇ ಲೆಕ್ಕ ಹಾಕಿಕೊಳ್ಳಲಿ.

ಮದುವೆಯಾಗಿ ಏಳು ವರ್ಷದೊಳಗೆ ಹಿಂಸೆಗೆ ಸಿಕ್ಕಿ ಸತ್ತ ಹೆಣ್ಣುಮಕ್ಕಳ ವಿಷಯಕ್ಕೆಂದು 1986ರಲ್ಲಿ ಪ್ರತ್ಯೇಕ ಕಲಮನ್ನೇ ಸೇರಿಸಬೇಕಾಯಿತು, 2024ರ ಜುಲೈನಿಂದ ಅದು ಭಾರತೀಯ ನ್ಯಾಯ ಸಂಹಿತೆಯ 80ನೆಯ ಕಲಮು. ಪತ್ರಿಕೆಯಲ್ಲಿ ಅಂಥ ಸುದ್ದಿ ಓದುವಾಗ ನಾನು ಮೊದಲು ಹುಡುಕುವುದು ಆ ಒಂದು ಸಾಲು: 'ಕಾರಿಗಾಗಿ ಪೀಡಿಸುತ್ತಿದ್ದರು'. ಸಿಕ್ಕೇ ಸಿಗುತ್ತದೆ ಎಂದೇನಲ್ಲ, ಸಿಕ್ಕಾಗ ಪತ್ರಿಕೆ ಮಡಿಸಿ ಇಟ್ಟುಬಿಡುತ್ತೇನೆ.

ಆಯುಧಪೂಜೆಯ ದಿನ ನಮ್ಮ ಬೀದಿಯಲ್ಲಿ ನೋಡಬೇಕು. ಕಾರು ತೊಳೆಯುವವಳು ಹೆಂಡತಿ, ಕುಂಕುಮ ಹಚ್ಚುವವಳು ಹೆಂಡತಿ, ಬಾಳೆಕಂದು ಕಟ್ಟಿ ಚಕ್ರದಡಿ ನಿಂಬೆಹಣ್ಣು ಇಡುವವಳೂ ಅವಳೇ. ಕೀಲಿಕೈ ಮಾತ್ರ ಪಂಚೆಯ ಸೊಂಟದಲ್ಲಿ. ನಾನು ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿಯಲು ಒಂದು ಕಡೆ ಹೋದಾಗ ಅಲ್ಲಿದ್ದಾತ, "ನಿಮಗ್ಯಾಕಮ್ಮ ಈಗ ಇದು? ಮನೆಯವರು ಇದಾರಲ್ಲ" ಎಂದ. ಮನೆಯವರು ಇದ್ದಾರೆ, ಇರಲಿ, ನೂರು ವರ್ಷ ಇರಲಿ. ಬೆರ್ತಾಳ ಮನೆಯವರೂ ಇದ್ದರು, ಮಲಗಿದ್ದರು. ನಾನು ಇನ್ನೊಂದು ಕಡೆ ಕಲಿತೆ. ಈಗ ಹೊಳಲೂರಿಗೆ ಅಕ್ಕನನ್ನು ನೋಡಲು ನಾನೇ ನಮ್ಮ ಹಳೆಯ ಮಾರುತಿಯಲ್ಲಿ ಹೋಗುತ್ತೇನೆ, ಕಬ್ಬಿನ ಟ್ರ್ಯಾಕ್ಟರುಗಳು ಎದುರಾದಾಗ ಎದೆ ಡವಗುಟ್ಟುತ್ತದೆ, ಆದರೂ ಹೋಗುತ್ತೇನೆ.

ಅಕ್ಕನ ಮೊಮ್ಮಗಳಿಗೆ ಹೋದ ಮಾಘದಲ್ಲಿ ಗಂಡು ನೋಡುತ್ತಿದ್ದರು. ಅದೇ ದೊಡ್ಡಪ್ಪನಂಥ ಒಬ್ಬರು ಅದೇ ಮಾತು ತೆಗೆದರು. ಹುಡುಗಿ ಒಳಗಿನಿಂದಲೇ, "ಕಾರು ನನ್ನ ಹೆಸರಲ್ಲೇ ತಗೊಳ್ತೀನಿ, ನಾನೇ ಓಡಿಸ್ತೀನಿ, ಅವರು ಪಕ್ಕದಲ್ಲಿ ಕೂರೋದಾದ್ರೆ ಕೂರಲಿ" ಎಂದಳು. ಗಂಡಿನ ಕಡೆಯವರು ಫೋನ್ ಮಾಡುತ್ತೇವೆ ಎಂದು ಎದ್ದುಹೋದರು. ಫೋನ್ ಬರಲಿಲ್ಲ. ಅಕ್ಕ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೆಯ ದಿನ ನನಗೆ ಫೋನ್ ಮಾಡಿ, ಎಲ್‌ಎಲ್ ಮಾಡಿಸಲು ಏನೇನು ಕಾಗದ ಬೇಕೆಂದು ಕೇಳಿದಳು. ಮೊಮ್ಮಗಳಿಗೆ ಎಂದುಕೊಂಡು ಹೇಳಲು ಹೊರಟರೆ, "ಅವಳದ್ದು ಆಗ್ಲೇ ಇದೆ ಕಣೇ, ನನಗೆ" ಎಂದಳು.