ಕಾರಿನ ಗಾಜು ನಿಧಾನ ಆದ್ರೆ ಮೊದಲೇ ಮೋಟಾರ್ ಬದಲಿಸ್ಬೇಡಿ

ಸುಗ್ಗಿ ಮುಗಿದು ಮಣ್ಣು ರಸ್ತೆ ಧೂಳೇಳೋ ಹೊತ್ತಿಗೆ ನಮ್ಮ ಕಾರುಗಳಿಗೆ ಒಂದು ಕಾಯಿಲೆ ಶುರುವಾಗುತ್ತೆ. ಪವರ್ ವಿಂಡೋ ಸ್ವಿಚ್ ಒತ್ತಿದ್ರೆ ಗಾಜು ಮುಲುಗುತ್ತಾ ಏರುತ್ತೆ, ಇಲ್ಲಾ ಅರ್ಧಕ್ಕೇ ನಿಲ್ಲುತ್ತೆ. ಗ್ಯಾರೇಜಲ್ಲಿ ಬಹಳ ಸಲ ಸಿಗೋ ಉತ್ತರ "ಮೋಟಾರ್ ಹೋಗಿದೆ". ಅದನ್ನ ಹಂಗೇ ಒಪ್ಪಿ ದುಡ್ಡು ಕಟ್ಟಬಾರದು ಅನ್ನೋದು ನನ್ನ ಅಭಿಪ್ರಾಯ.

ಪಂಪ್‌ಸೆಟ್ ನೀರು ಕಡಿಮೆ ಎತ್ತಿದ್ರೆ ನಾವು ಮೊದಲು ವೋಲ್ಟೇಜ್ ನೋಡ್ತೀವಿ, ಫುಟ್‌ವಾಲ್ವ್ ನೋಡ್ತೀವಿ. ರಿವೈಂಡಿಂಗ್ ಮಾತು ಕೊನೆಗೆ. ಇಲ್ಲೂ ಅದೇ ಕ್ರಮ ಇರಲಿ.

ನಾಲ್ಕೂ ಗಾಜು ನಿಧಾನವಾ? ಬ್ಯಾಟರಿ, ಟರ್ಮಿನಲ್ ನೋಡಿ. ಇಂಜಿನ್ ಓಡುವಾಗ ಸುಮಾರು 14 ವೋಲ್ಟ್, ಆಫ್ ಇದ್ದಾಗ 12ರ ಆಸುಪಾಸು ಸಿಗೋದ್ರಿಂದ ತುಸು ವ್ಯತ್ಯಾಸ ಸಹಜ. ಭಾರೀ ವ್ಯತ್ಯಾಸ ಇದ್ರೆ ಅನುಮಾನ ಪಡಿ. ಒಂದೇ ಗಾಜಾದ್ರೆ ಆ ಬಾಗಿಲಿನ ಸ್ವಿಚ್ಚು, ಡ್ರೈವರ್ ಹತ್ರ ಇರೋ ಸ್ವಿಚ್ಚು ಎರಡನ್ನೂ ಒತ್ತಿ ನೋಡಿ. ಒಂದರಲ್ಲಿ ಚೆನ್ನಾಗಿ ಓಡಿದ್ರೆ ಮೋಟಾರ್ ಸರಿ ಇದೆ, ತೊಂದರೆ ಇನ್ನೊಂದು ಸ್ವಿಚ್ಚಲ್ಲೋ ವೈರಲ್ಲೋ ಇದೆ.

ಎರಡರಲ್ಲೂ ನಿಧಾನ ಅಂದ್ರೆ ಗಾಜು ಓಡೋ ರಬ್ಬರ್ ಚಾನೆಲ್ ನೋಡಿ. ಧೂಳು ಕೂತು ಗಾಜನ್ನ ಹಿಡ್ಕೊಂಡಿರುತ್ತೆ. ಗಾಜು ಪೂರ್ತಿ ಇಳಿಸಿ, ಚಪ್ಪಟೆ ಕಡ್ಡಿಗೆ ಒದ್ದೆ ಬಟ್ಟೆ ಸುತ್ತಿ ಎರಡೂ ಕಡೆ ಉಜ್ಜಿ. ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆದು ನಾಲ್ಕೈದು ಸಲ ಏರಿಸಿ ಇಳಿಸಿ. ಗ್ರೀಸ್, ಇಂಜಿನ್ ಆಯಿಲ್, ಡೀಸೆಲ್ ಬೇಡವೇ ಬೇಡ. ರಬ್ಬರ್ ಊದಿಕೊಂಡು ಹಾಳಾಗುತ್ತೆ, ಧೂಳು ಇನ್ನಷ್ಟು ಅಂಟುತ್ತೆ. ಬಾಗಿಲಿನ ಅಡಿ ನೀರು ಹೋಗೋ ತೂತುಗಳಲ್ಲಿ ಕೆಸರು ಕಟ್ಟಿದ್ರೆ ಅದನ್ನೂ ಬಿಡಿಸಿ. ಇಲ್ಲಾಂದ್ರೆ ಒಳಗೆ ನೀರು ನಿಂತು ತುಕ್ಕು ಹಿಡಿಯುತ್ತೆ.

ಸಿಕ್ಕಿಕೊಂಡ ಗಾಜಿಗೆ ಸ್ವಿಚ್ ಒತ್ತಿ ಹಿಡೀಬೇಡಿ, ಮೋಟಾರ್ ಕಾಯುತ್ತೆ. ಎಷ್ಟೋ ಮೋಟಾರ್‌ಗಳು ಬಿಸಿಯಾದ್ರೆ ತಾವೇ ನಿಂತು, ತಣ್ಣಗಾದ ಮೇಲೆ ಮತ್ತೆ ಓಡ್ತವೆ.

ಹಾಗಂತ ಮೋಟಾರ್ ಕೆಡೋದೇ ಇಲ್ಲ ಅಂತಲ್ಲ. ಕಟಕಟ ಸದ್ದು ಬಂದ್ರೆ, ಗಾಜು ವಾಲಿದ್ರೆ, ಒಳಗೆ ಜಾರಿ ಬಿದ್ರೆ ಹೆಚ್ಚಾಗಿ ರೆಗ್ಯುಲೇಟರ್ ಹೋಗಿರುತ್ತೆ. ಆಗ ಮೆಕ್ಯಾನಿಕ್ಕೇ ಬೇಕು. ಆದ್ರೆ ಯಾವ ಭಾಗ ಕೆಟ್ಟಿದೆ ಅಂತ ಕಣ್ಣಾರೆ ತೋರಿಸೋಕೆ ಹೇಳಿ, ಹಳೇದನ್ನ ವಾಪಸ್ ಕೇಳಿ.

ಇನ್ನೊಂದು ಮಾತು. ಸರಿಯಾದ ಗಾಜು ಬಿರ್ರನೆ ಏರುತ್ತೆ, ಅಡ್ಡ ಏನಾದ್ರೂ ಸಿಕ್ಕಿದ್ರೆ ತಾನೇ ಇಳಿಯೋ ವ್ಯವಸ್ಥೆ ಎಲ್ಲಾ ಕಾರಲ್ಲೂ ಇರಲ್ಲ. ಹಿಂದೆ ಮಕ್ಕಳಿದ್ರೆ ವಿಂಡೋ ಲಾಕ್ ಒತ್ತಿಯೇ ಗಾಡಿ ಬಿಡಿ.