ಜೀರ್ಣೋದ್ಧಾರವೋ, ಜೀರ್ಣಸಂಹಾರವೋ?

ಹಳೆಯ ಗುಡಿಯ ಕಂಬಕ್ಕೆ ಎಣ್ಣೆಬಣ್ಣ ಬಳಿದು, ಶಾಸನದ ಮೇಲೆ ಸುಣ್ಣ ಹೊಡೆದು, ಅದಕ್ಕೆ ಜೀರ್ಣೋದ್ಧಾರವೆಂದು ಹೆಸರಿಡುವುದರಲ್ಲಿ ನಾವು ನಿಸ್ಸೀಮರು. ಆ ಚಪಲವೀಗ ದೇವರನ್ನು ದಾಟಿ ಸೈಕಲ್ಲಿಗೂ ಬಂದಿದೆ. ಅಜ್ಜನ ಕಾಲದ ರ್ಯಾಲೆಯನ್ನೋ ಹರ್ಕ್ಯುಲಿಸನ್ನೋ ಅಟ್ಟದಿಂದ ಇಳಿಸಿ, ಆಮ್ಲದಲ್ಲಿ ಅದ್ದಿ, ಗ್ರೈಂಡರಿನಿಂದ ಉಜ್ಜಿ, ಕಾರಿನ ಬಣ್ಣ ಹೊಡೆಸಿ ಪಡಸಾಲೆಯಲ್ಲಿ ನಿಲ್ಲಿಸುವುದು ಸುಶಿಕ್ಷಿತರ ಹೊಸ ಶೋಕಿ. ಉದ್ಧಾರವೆಂಬ ಹೆಸರಿನಲ್ಲಿ ನಡೆಯುವ ಈ ಸಂಹಾರವನ್ನು ಯಾರಾದರೂ ಆಕ್ಷೇಪಿಸಲೇಬೇಕು.

ಕಲಬುರಗಿ ಸೀಮೆಯವರಿಗಂತೂ ಈ ಮಾತು ತಾಗಬೇಕು. ಆಡಕಿ, ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿಗಳಲ್ಲಿ ಸೈಕಲ್ಲು ದುಡಿಮೆಯ ಜೊತೆಗಾರ. ಫರಸಿ ಕಲ್ಲಿನ ಗಣಿಗೂ, 1968ರಲ್ಲಿ ವಾಡಿಯಲ್ಲಿ ಆರಂಭವಾದ ಸಿಮೆಂಟ್ ಕಾರ್ಖಾನೆಯ ಪಾಳಿಗೂ ಆಳನ್ನು ಹೊತ್ತೊಯ್ದ ಗಾಡಿ ಅದು. ಅದರ ಕ್ಯಾರಿಯರು ತುಸು ಬಾಗಿದ್ದರೆ ಅದು ತೊಗರಿ ಚೀಲದ ಗುರುತು. ಹ್ಯಾಂಡಲಿನ ಹೊಳಪು ಮಾಸಿದ್ದರೆ ಅದು ಅಂಗೈಯ ಗುರುತು. ಆ ಗುರುತುಗಳನ್ನು ಅಳಿಸುವ ಅಧಿಕಾರವನ್ನು ನಮಗೆ ಕೊಟ್ಟವರಾರು?

ಇದೇ ಚಿತ್ತಾಪುರ ತಾಲ್ಲೂಕಿನ ಸನ್ನತಿಯನ್ನು ನೆನೆಯೋಣ. 1986ರಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿಗುಡಿಯ ಛಾವಣಿ ಕುಸಿದಾಗ, ಮೂರ್ತಿಗೆ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ತಿಳಿಯಿತು. ಮೂರ್ತಿಯನ್ನು ಕೂರಿಸಲೆಂದು ಹಿಂದೆ ಯಾರೋ ಅದರ ನಡುವೆ ತೂತು ಕೊರೆದಿದ್ದರು. ಅಲ್ಲಿದ್ದ ಅಕ್ಷರಗಳು ಪುಡಿಯಾಗಿ ಹೋಗಿದ್ದವು. ಕೊರೆದವನಿಗೆ ಆ ಲಿಪಿ ಬರುತ್ತಿರಲಿಲ್ಲ, ಅವನನ್ನು ಕ್ಷಮಿಸಬಹುದು. ಸೀಟಿನ ಕೆಳಗಿನ ಲಗ್ಗಿನಲ್ಲಿ ಒತ್ತಿರುವ ಫ್ರೇಮಿನ ನಂಬರನ್ನು ಓದಬಲ್ಲ ನಾವು ಅದನ್ನೇ ಉಜ್ಜಿ ಸಪಾಟು ಮಾಡಿದರೆ ನಮ್ಮನ್ನು ಕ್ಷಮಿಸುವವರಾರು? ಸ್ಟರ್ಮಿ-ಆರ್ಚರ್ ಕಂಪನಿಯ ಎಷ್ಟೋ ಹಬ್ಬುಗಳ ಮೇಲೆ ತಯಾರಾದ ವರ್ಷವೇ ಒತ್ತಿದೆ. ಸೈಕಲ್ಲಿನ ಜಾತಕ ಇರುವುದು ಇಂಥ ಕಡೆಯಲ್ಲೇ.

ಗುರುತಿನ ಮಾತು ಹಾಗಿರಲಿ, ಜೀವದ ಮಾತೂ ಇದೆ. ಹಳೆಯ ಫ್ರೇಮಿನ ಕೊಳವೆಗಳನ್ನು ಲಗ್ಗೆಂಬ ಉಕ್ಕಿನ ತೋಳಿನೊಳಗೆ ತೂರಿಸಿ ಹಿತ್ತಾಳೆಯಿಂದ ಬೆಸೆಯುತ್ತಿದ್ದರು. ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಿತ್ತಾಳೆ ಕರಗಿ ಸಂದಿಗೆ ಹರಿಯುತ್ತದೆ, ಉಕ್ಕು ಕರಗದು. ಕರೆಂಟಿನ ವೆಲ್ಡಿಂಗಾದರೋ ಉಕ್ಕನ್ನೇ ಕರಗಿಸುತ್ತದೆ. ತೆಳ್ಳನೆಯ ಕೊಳವೆ ಸುಟ್ಟು, ಮುಂದೊಂದು ದಿನ ಬೆಸುಗೆಯ ಪಕ್ಕದಲ್ಲೇ ಬಿರಿಯಬಹುದು. ಮೇಲೆ ಬಳಿದ ಬಣ್ಣ ಆ ಬಿರುಕನ್ನು ಮುಚ್ಚಿಡುತ್ತದೆ. ಹಾಗೆಯೇ, ಹಳೆಯ ರ್ಯಾಲೆಯಲ್ಲಿ ಪೆಡಲಿನ ಅಚ್ಚನ್ನು ಹಿಡಿಯುವ ಕಪ್ಪಿಗೆ ಅಂಗುಲಕ್ಕೆ 26 ತಿರುಪಿನ ಸುತ್ತು; ಸಾಮಾನ್ಯ ಇಂಗ್ಲಿಷ್ ಅಳತೆಯಲ್ಲಿ 24. ಇದನ್ನರಿಯದೆ ಬಜಾರಿನ ಕಪ್ಪನ್ನು ಬಲವಂತದಿಂದ ತಿರುಗಿಸಿದರೆ ಫ್ರೇಮಿನ ತಿರುಪೇ ಕೆಡುತ್ತದೆ. ಇದನ್ನು ಬಲ್ಲವನು ಬೀದಿಯ ಮೂಲೆಯ ಮುದುಕ ಮೇಸ್ತ್ರಿ. ನಾವು ಬಣ್ಣದವನಿಗೆ ಸಾವಿರಗಟ್ಟಲೆ ಸುರಿದು, ಅವನೊಡನೆ ಹತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ!

'ಹಾಗಾದರೆ ತುಕ್ಕನ್ನು ಪೂಜಿಸಬೇಕೇನು?' ಎಂದು ಕೇಳುವವರುಂಟು. ಬೇಡ. ಸೀಮೆಎಣ್ಣೆಯಲ್ಲಿ ನೆನೆಸಿ, ಮೆತ್ತಗೆ ತಿಕ್ಕಿ, ಎಣ್ಣೆ ಸವರಿ. ಬಣ್ಣ ಎದ್ದ ಜಾಗಕ್ಕಷ್ಟೇ ಬಣ್ಣ ಹಚ್ಚಿ. ಸವೆಯಲೆಂದೇ ಇರುವ ಚೈನು, ಬ್ರೇಕಿನ ರಬ್ಬರು, ಬೇರಿಂಗಿನ ಗುಂಡು, ಟೈರುಗಳನ್ನು ಧಾರಾಳವಾಗಿ ಬದಲಿಸಿ. ಇವುಗಳಲ್ಲಿ ಜಿಪುಣತನ ಮಾಡುವುದು ಪ್ರಾಣದೊಡನೆ ಆಟ. ತೆಗೆದ ಹಳೆಯ ಭಾಗವನ್ನು ಗುಜರಿಗೆ ಹಾಕದೆ ಚೀಲವೊಂದರಲ್ಲಿ ಕಟ್ಟಿಡಿ. 1951ರಲ್ಲಿ ಸೋನೀಪತ್ತಿನಲ್ಲಿ ಹುಟ್ಟಿದ ಅಟ್ಲಾಸ್ ಕಂಪನಿಯ ಸಾಹಿಬಾಬಾದಿನ ಕಾರ್ಖಾನೆಯೇ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿತು. ಇಂದು ಎಸೆದದ್ದು ನಾಳೆ ಸಿಕ್ಕುವ ಭರವಸೆ ಇಲ್ಲ.

ನಮ್ಮ ಕೈಗಾರಿಕಾ ತರಬೇತಿ ಕೇಂದ್ರಗಳಲ್ಲಿ ಬೆಸುಗೆ ಕಲಿಯುವ ಹುಡುಗರ ಮುಂದೆ ಮುರಿದ ಸೈಕಲ್ ಫ್ರೇಮೊಂದನ್ನು ಇಟ್ಟು, ಆ ಮುದುಕ ಮೇಸ್ತ್ರಿಯನ್ನು ಸಂಬಳ ಕೊಟ್ಟು ಕರೆಸಿದರೆ ವಿದ್ಯೆಯೊಂದು ಉಳಿದೀತು.

ಜೀರ್ಣವಾದದ್ದನ್ನು ಉದ್ಧರಿಸುವುದೆಂದರೆ ಅದನ್ನು ಅದರ ಕೆಲಸಕ್ಕೆ ಮರಳಿಸುವುದು. ಪಡಸಾಲೆಯಲ್ಲಿ ನಿಂತಿರುವ ಸೈಕಲ್ಲಿನ ಟೈರಿಗೆ ಗಾಳಿ ತುಂಬಿ, ಪೇಟೆಗೆ ಹೋಗಿ ಉಪ್ಪು ತನ್ನಿ. ಅಷ್ಟೂ ಆಗದಿದ್ದರೆ ತುಳಿಯಬಲ್ಲ ಹುಡುಗನೊಬ್ಬನಿಗೆ ಕೊಟ್ಟುಬಿಡಿ.